ಮಲ್ಲಿಗೆ ಸಾರದಲ್ಲಿ ಉಳಿಯುವ ಹೆಕ್ಸೇನ್: ನಿರ್ವಾತ ಪೆಟ್ಟಿಗೆಯ ಆಯ್ಕೆ ಮತ್ತು ಬಳಕೆ

ಪ್ರಶ್ನೆ: ನಾನೂ ನನ್ನ ತಮ್ಮನೂ ಮೈಸೂರಿನ ಹೊರವಲಯದಲ್ಲಿ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇವೆ. ಹೆಕ್ಸೇನ್ ಎಂಬ ದ್ರಾವಕ ಬಳಸಿ ಮಲ್ಲಿಗೆಯಿಂದ ಕಾಂಕ್ರೀಟ್, ಅಂದರೆ ಮೇಣ ಬೆರೆತ ಪರಿಮಳದ ಸಾರ, ತೆಗೆಯುತ್ತೇವೆ. ಹೂವಿಲ್ಲದ ತಿಂಗಳುಗಳಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಓಲಿಯೋರೆಸಿನ್, ಅಂದರೆ ಬಣ್ಣ ಮತ್ತು ಖಾರದ ಮಂದ ಸಾರ, ಮಾಡುತ್ತೇವೆ. ದ್ರಾವಕವನ್ನು ಆವಿಯಾಗಿಸುವ ರೋಟರಿ ಇವಾಪರೇಟರಿನಲ್ಲಿ ಹೋಗದೆ ಉಳಿಯುವ ಹೆಕ್ಸೇನನ್ನು ತೆಗೆಯಲೆಂದು 30 ಸೆಂ.ಮೀ. ವ್ಯಾಸದ ಸ್ಟೀಲ್ ವ್ಯಾಕ್ಯೂಮ್ ಚೇಂಬರನ್ನು ಆನ್‌ಲೈನಿನಲ್ಲಿ ತರಿಸಿದೆವು. ಅದಕ್ಕೆ ಅಕ್ರಿಲಿಕ್ ಮುಚ್ಚಳ, ಬಿಳಿ ಸಿಲಿಕೋನ್ ಗ್ಯಾಸ್ಕೆಟ್ ಇವೆ. ಪಂಪು ಎ.ಸಿ. ರಿಪೇರಿಯವರು ಬಳಸುವಂಥದ್ದು, ನಡುವೆ ಐಸ್ ತುಂಬಿದ ಬಕೆಟಿನಲ್ಲಿ, ಆವಿಯನ್ನು ತಣಿಸಿ ಹಿಡಿಯಲೆಂದು, ಗಾಜಿನ ಟ್ರ್ಯಾಪ್ ಇಟ್ಟಿದ್ದೇವೆ. ಗೇಜಿನ ಮುಳ್ಳು 29.9 ಇಂಚಿಗೆ ಬರಬೇಕೆನ್ನುತ್ತಾರೆ, ನಮ್ಮದು 27 ದಾಟುವುದೇ ಇಲ್ಲ. ಈಚೆಗೆ ಮುಚ್ಚಳದ ಅಂಚಿನಲ್ಲಿ ಕೂದಲೆಳೆಯಂಥ ಗೆರೆಗಳು ಕಾಣುತ್ತಿವೆ. ಪಂಪನ್ನು ಬದಲಿಸಬೇಕೆ? ಎಷ್ಟು ಬಿಸಿಯಲ್ಲಿ, ಎಷ್ಟು ಹೊತ್ತು ಇಡಬೇಕು?

ಉತ್ತರ: ಮೊದಲು ಆ ಚೇಂಬರಿನ ಬಳಕೆಯನ್ನು ಇಂದೇ ನಿಲ್ಲಿಸಿ, ಉಳಿದದ್ದನ್ನು ಆಮೇಲೆ ನಿಧಾನವಾಗಿ ಓದಿದರೂ ಆದೀತು. ನೀವು ಗೇಜಿನ ಮುಳ್ಳಿನ ಬಗ್ಗೆ ಚಿಂತಿಸುತ್ತಿದ್ದೀರಿ, ನನಗೆ ಭಯ ಹುಟ್ಟಿಸಿದ್ದು ಆ ಕೂದಲೆಳೆಯ ಗೆರೆಗಳು ಮತ್ತು ಪಂಪಿನ ಹೊಗೆಗೊಳವೆ ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೀವು ಬರೆಯದೇ ಇರುವುದು.

ಗೇಜಿನ ಸಂಗತಿ ಸುಲಭವಾದದ್ದು, ಅದನ್ನೇ ಮೊದಲು ಮುಗಿಸೋಣ. ನಿಮ್ಮ ಚೇಂಬರಿನ ಮೇಲಿರುವ ಮುಳ್ಳಿನ ಗೇಜು ಒಳಗೆ ಎಷ್ಟು ಗಾಳಿ ಉಳಿದಿದೆ ಎಂಬುದನ್ನು ಅಳೆಯುವುದಿಲ್ಲ. ಹೊರಗಿನ ಒತ್ತಡಕ್ಕಿಂತ ಒಳಗಿನದು ಎಷ್ಟು ಕಡಿಮೆ ಎಂಬುದನ್ನಷ್ಟೇ ಅಳೆಯುತ್ತದೆ. 29.9 ಇಂಚು ಪಾದರಸ ಎಂಬುದು ಸಮುದ್ರಮಟ್ಟದ ಲೆಕ್ಕ, ಮಂಗಳೂರಿನಲ್ಲಿ ಅದು ಸರಿ. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ. ಅಲ್ಲಿಯ ವಾತಾವರಣದ ಒತ್ತಡವೇ 925 ಮಿಲಿಬಾರಿನ ಆಸುಪಾಸು, ಅಂದರೆ 27.3 ಇಂಚು. ಜಗತ್ತಿನ ಅತ್ಯುತ್ತಮ ಪಂಪನ್ನು ತಂದು ಕೂರಿಸಿದರೂ ಆ ಮುಳ್ಳು ಅದರಾಚೆ ಹೋಗಲಾರದು. ಬೆಂಗಳೂರಿನಲ್ಲಿ ಇನ್ನೂ ಅರ್ಧ ಇಂಚು ಕಡಿಮೆ, ಮಡಿಕೇರಿಯಲ್ಲಿ 26ಕ್ಕೇ ನಿಲ್ಲುತ್ತದೆ. ಹಾಗಾಗಿ ನಿಮ್ಮ ಪಂಪು ಸೋತಿಲ್ಲ. ಆದರೆ ಇಂಥ ಗೇಜಿನಲ್ಲಿ ಅರ್ಧ ಇಂಚಿನ ತಪ್ಪು ಸಹಜವಾದ್ದರಿಂದ ಮುಳ್ಳು 27ರಲ್ಲಿದ್ದಾಗ ಒಳಗೆ 2 ಮಿಲಿಬಾರ್ ಇದೆಯೋ 25 ಇದೆಯೋ ಎಂದು ಹೇಳಲು ಬರುವುದಿಲ್ಲ. ನಿಮಗೆ ಬೇಕಾದದ್ದು ನಿರಪೇಕ್ಷ ಒತ್ತಡವನ್ನು ನೇರವಾಗಿ ತೋರಿಸುವ, ಡಯಾಫ್ರಂ ಸಂವೇದಕವಿರುವ ಡಿಜಿಟಲ್ ಗೇಜು. ಬಿಸಿತಂತಿಯ ಶಾಖ ಎಷ್ಟು ಬೇಗ ಹೋಗುತ್ತದೆ ಎಂಬುದರಿಂದ ಒತ್ತಡವನ್ನು ಲೆಕ್ಕಹಾಕುವ ಪಿರಾನಿ ಗೇಜನ್ನು ಕೊಳ್ಳಬೇಡಿ. ಅದನ್ನು ಸಾಮಾನ್ಯವಾಗಿ ಗಾಳಿಗೆ ಅಥವಾ ಸಾರಜನಕಕ್ಕೆ ಹೊಂದಿಸಿರುತ್ತಾರೆ, ಹೆಕ್ಸೇನ್ ಆವಿಯಲ್ಲಿ ತಪ್ಪು ಅಂಕಿ ಕೊಡುತ್ತದೆ.

ಈಗ ಮುಚ್ಚಳಕ್ಕೆ ಬರೋಣ. 30 ಸೆಂ.ಮೀ. ವ್ಯಾಸದ ಮುಚ್ಚಳದ ವಿಸ್ತೀರ್ಣ ಸುಮಾರು 700 ಚದರ ಸೆಂ.ಮೀ. ಒಳಗಿನ ಗಾಳಿಯನ್ನು ತೆಗೆದಾಗ ಮೈಸೂರಿನಲ್ಲಿ ಅದರ ಮೇಲೆ 650 ಕಿಲೋಗ್ರಾಂಗೂ ಮಿಕ್ಕಿದ ಭಾರ ಬೀಳುತ್ತದೆ. ಒಂದು ಮಾರುತಿ 800 ಕಾರನ್ನು ಆ ಪಾರದರ್ಶಕ ತಟ್ಟೆಯ ಮೇಲೆ ನಿಲ್ಲಿಸಿ, ಅದರ ಮೇಲೆ ಬಗ್ಗಿ ಒಳಗೆ ಇಣುಕಿದಂತೆ. ಅಕ್ರಿಲಿಕ್ ಹೆಕ್ಸೇನಿಗೆ ಅಷ್ಟಾಗಿ ಹೆದರುವ ವಸ್ತುವಲ್ಲ. ಅದಕ್ಕೆ ಆಗದಿರುವುದು ಸ್ಪಿರಿಟ್, ಅಸಿಟೋನ್, ಈಥೈಲ್ ಅಸಿಟೇಟ್. ನಾನು ಕಂಡ ಹೆಚ್ಚಿನ ಕಡೆ ಇಂಥ ಗೆರೆಗಳಿಗೆ ಕಾರಣ ಪ್ರತಿ ಬ್ಯಾಚಿನ ನಂತರ ಮುಚ್ಚಳವನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸುವ ಅಭ್ಯಾಸವೇ ಆಗಿತ್ತು. ನಿಮ್ಮಲ್ಲೂ ಹಾಗೆಯೇ ನಡೆಯುತ್ತಿದೆ ಎಂದು ನನ್ನ ಊಹೆ. ಒತ್ತಡಕ್ಕೆ ಸಿಕ್ಕಿದ ಅಕ್ರಿಲಿಕ್‌ಗೆ ಆಲ್ಕೊಹಾಲ್ ಸೋಕಿದರೆ ಅಂಚಿನಿಂದ, ಸ್ಕ್ರೂ ತೂತಿನಿಂದ ಬೆಳ್ಳಿಯ ಎಳೆಯಂಥ ಬಿರುಕುಗಳು ಒಳಕ್ಕೆ ಹರಿಯತೊಡಗುತ್ತವೆ. ಮುಚ್ಚಳವನ್ನು ಓರೆಯಾಗಿ ಬೆಳಕಿಗೆ ಹಿಡಿದು ನೋಡಿ. ಗೆರೆ ಉಗುರಿಗೆ ಸಿಗದಿದ್ದರೆ ಅದು ಮೇಲಿನ ಗೀರಲ್ಲ, ಒಳಗಿನ ಬಿರುಕು. ಅಂಟು ಹಾಕಿ, ಉಜ್ಜಿ ಸರಿಮಾಡುವ ಮಾತೇ ಇಲ್ಲ. ಮತ್ತೊಬ್ಬರು ಎತ್ತಿ ಬಳಸದ ಹಾಗೆ ಅದನ್ನು ಗರಗಸದಿಂದ ಕುಯ್ದು ಎಸೆಯಿರಿ.

ಬಿಳಿ ಸಿಲಿಕೋನ್ ಗ್ಯಾಸ್ಕೆಟ್ ಕೂಡ ಈ ಕೆಲಸಕ್ಕೆ ಹೇಳಿದ್ದಲ್ಲ. ಹೆಕ್ಸೇನಿನಲ್ಲಿ ಅದು ಉಬ್ಬುತ್ತದೆ, ಹೀರಿಕೊಂಡದ್ದನ್ನು ಮುಂದಿನ ಬ್ಯಾಚಿಗೆ ಹಿಂತಿರುಗಿಸುತ್ತದೆ, ಮೆಣಸಿನಕಾಯಿಯ ಘಾಟನ್ನು ಮಲ್ಲಿಗೆಗೂ ದಾಟಿಸುತ್ತದೆ. ಹೆಕ್ಸೇನಿಗೆ ವೈಟಾನ್ ಅಥವಾ ನೈಟ್ರೈಲ್ ರಬ್ಬರ್ ಸರಿ. ಮುಂದೆ ಅಸಿಟೋನಿಗೆ ಬದಲಾಯಿಸುವುದಾದರೆ ವೈಟಾನ್ ನಡೆಯದು, ಅಲ್ಲಿ ಇಪಿಡಿಎಂ ಎಂಬ ರಬ್ಬರ್ ಬೇಕು. ಆದರೆ ಆ ಇಪಿಡಿಎಂ ಹೆಕ್ಸೇನಿನಲ್ಲಿ ಕೆಡುತ್ತದೆ. ಎಲ್ಲಕ್ಕೂ ಆಗುವ ಒಂದೇ ರಬ್ಬರ್ ಇದೆಯೆಂದು ಅಂಗಡಿಯವರು ಹೇಳಿದರೆ ಯಾವ ದ್ರಾವಕಕ್ಕೆ ಎಂದು ತಿರುಗಿ ಕೇಳಿ.

ಇನ್ನು ನಿಜವಾದ ಅಪಾಯ. ಹೆಕ್ಸೇನ್ 69 ಡಿಗ್ರಿಯಲ್ಲಿ ಕುದಿಯುತ್ತದೆ, ಆದರೆ ಸೊನ್ನೆಗಿಂತ 20 ಡಿಗ್ರಿ ಕೆಳಗೂ ಹೊತ್ತಿಕೊಳ್ಳಬಲ್ಲಷ್ಟು ಆವಿಯನ್ನು ಬಿಡುತ್ತದೆ. ಗಾಳಿಯಲ್ಲಿ ಶೇಕಡಾ 1.1ರಷ್ಟಿದ್ದರೆ ಒಂದು ಕಿಡಿ ಸಾಕು. ಲೆಕ್ಕ ಹಾಕಿದರೆ ಒಂದು ಲೀಟರ್ ಹೆಕ್ಸೇನ್ ಆವಿಯಾಗಿ ಸುಮಾರು 17 ಘನ ಮೀಟರ್ ಗಾಳಿಯನ್ನು ಸಿಡಿಯುವ ಮಿಶ್ರಣವಾಗಿಸುತ್ತದೆ. ಹತ್ತಡಿಗೆ ಎಂಟಡಿಯ, ಎಂಟಡಿ ಎತ್ತರದ ಕೋಣೆ ಅಷ್ಟೇ ದೊಡ್ಡದು. ಆ ಆವಿ ಗಾಳಿಗಿಂತ ಮೂರು ಪಟ್ಟು ಭಾರ. ಕಿಟಕಿ ತೆರೆದಿದ್ದರೂ ಅದು ಮೇಲೇರಿ ಹೋಗದೆ ನೆಲದ ಮೇಲೆ ಹರಿದು ಮೂಲೆಯಲ್ಲೂ ಮೋರಿಯಲ್ಲೂ ನಿಲ್ಲುತ್ತದೆ. ಚೇಂಬರಿನಿಂದ ಹೊರಟ ಪ್ರತಿ ಗ್ರಾಂ ಹೆಕ್ಸೇನ್ ಒಂದೋ ಟ್ರ್ಯಾಪಿನಲ್ಲಿ ಹಿಡಿದಿರಬೇಕು, ಇಲ್ಲವೇ ಪಂಪಿನ ಬಾಯಿಂದ ಹೊರಬಂದಿರಬೇಕು. ಎ.ಸಿ. ಪಂಪಿನ ಬಾಯಿ ಕೋಣೆಯೊಳಕ್ಕೇ ತೆರೆದಿರುತ್ತದೆ, ಅದರ ಸ್ವಿಚ್ಚು ಮತ್ತು ಮೋಟಾರು ಕಿಡಿಯನ್ನು ತಡೆಯುವ ಕಟ್ಟಿನವಲ್ಲ, ಅದೂ ನೆಲದ ಮೇಲೇ ಕೂತಿರುತ್ತದೆ. ಅಂದರೆ ಆವಿ ಹರಿದು ಸೇರುವ ಜಾಗದಲ್ಲೇ ಕಿಡಿಯ ಮೂಲವನ್ನೂ ಇಟ್ಟಂತಾಯಿತು.

ಆ ಪಂಪಿನ ಎಣ್ಣೆಯನ್ನು ಒಮ್ಮೆ ಗಾಜಿನ ಲೋಟಕ್ಕೆ ಬಸಿದು ನೋಡಿ. ಹೊಸ ಎಣ್ಣೆ ಹೊಂಗೆ ಎಣ್ಣೆಯಷ್ಟು ಮಂದವಾಗಿ ಲೋಟದ ಗೋಡೆಯಿಂದ ನಿಧಾನ ಇಳಿಯುತ್ತದೆ. ನಿಮ್ಮದು ಸೀಮೆ‌ಎಣ್ಣೆಯ ಹಾಗೆ ಸರ್ರನೆ ಇಳಿದರೆ ಅದರಲ್ಲಿ ಹೆಕ್ಸೇನ್ ಕರಗಿದೆ ಎಂದೇ ಅರ್ಥ. ಆ ಎಣ್ಣೆ ಬ್ಲೇಡುಗಳಿಗೆ ಜಿಡ್ಡನ್ನೂ ಕೊಡದು, ಗಾಳಿಯನ್ನೂ ತಡೆಯದು. ಇದನ್ನು ಹೊರಾಂಗಣದಲ್ಲಿ, ಬೆಂಕಿಯಿಂದ ದೂರ ಮಾಡಿ.

ಐಸಿನ ಟ್ರ್ಯಾಪ್ ಹಿಡಿಯುತ್ತದಲ್ಲ ಎಂದು ನೀವು ಕೇಳಬಹುದು. ಹಿಡಿಯುವುದಿಲ್ಲ. ಸೊನ್ನೆ ಡಿಗ್ರಿಯಲ್ಲಿ ಹೆಕ್ಸೇನಿನ ಆವಿಯೊತ್ತಡವೇ, ಅಂದರೆ ದ್ರವದಿಂದ ತಾನಾಗಿ ಏಳುವ ಆವಿಯ ಒತ್ತಡವೇ, 60 ಮಿಲಿಬಾರ್. ಚೇಂಬರನ್ನು 10 ಮಿಲಿಬಾರಿಗೆ ಇಳಿಸಿದಾಗ ಅದು ಐಸಿನ ತಂಪಿಗೆ ಸೊಪ್ಪು ಹಾಕದೆ ಆವಿಯಾಗಿಯೇ ಪಂಪಿಗೆ ಹೋಗುತ್ತದೆ. ಆ ಒತ್ತಡದಲ್ಲಿ ಅದು ದ್ರವವಾಗಬೇಕಾದರೆ ಮೈನಸ್ 29 ಡಿಗ್ರಿಗಿಂತ ಕೆಳಗಿನ ತಂಪು ಬೇಕು, ಐಸಿಗೆ ಉಪ್ಪು ಬೆರೆಸಿದರೂ ಸಾಲದು. ಡ್ರೈ ಐಸ್ ಮೈನಸ್ 78 ಡಿಗ್ರಿಯದು, ಅದು ಸಾಕು. ದ್ರವ ಸಾರಜನಕದ ಗೋಜಿಗೆ ಹೋಗಬೇಡಿ. ಗಾಳಿ ಎಲ್ಲಾದರೂ ಸೋರಿದರೆ ಟ್ರ್ಯಾಪಿನಲ್ಲಿ ಹೆಕ್ಸೇನಿನ ಜೊತೆ ದ್ರವ ಆಮ್ಲಜನಕವೂ ಕೂಡಿಕೊಳ್ಳುತ್ತದೆ, ಅದು ನೇರವಾಗಿ ಸ್ಫೋಟಕ.

ನಾನಾಗಿದ್ದರೆ ಡ್ರೈ ಐಸಿನ ಮೇಲೂ ಪ್ರತಿದಿನ ನಂಬಿಕೆ ಇಡುತ್ತಿರಲಿಲ್ಲ. ಒಳಭಾಗವೆಲ್ಲ ಟೆಫ್ಲಾನಿನದಾದ, ಎಣ್ಣೆಯಿಲ್ಲದ ಡಯಾಫ್ರಂ ಪಂಪನ್ನು ಕೊಳ್ಳುತ್ತಿದ್ದೆ. ಅದು 2ರಿಂದ 10 ಮಿಲಿಬಾರಿನವರೆಗೆ ಮಾತ್ರ ಇಳಿಯುತ್ತದೆ, ನಿಮಗೆ ಅಷ್ಟೇ ಬೇಕಾದದ್ದು. ಅದರ ದೊಡ್ಡ ಅನುಕೂಲವೆಂದರೆ ಕಂಡೆನ್ಸರನ್ನು ಪಂಪಿನ ಹಿಂದೆ ಇಡುವ ಬದಲು ಮುಂದೆ, ಅಂದರೆ ಹೊರಬಾಯಿಯಲ್ಲಿ ಕೂರಿಸಬಹುದು. ಅಲ್ಲಿ ಆವಿ ಮತ್ತೆ ವಾತಾವರಣದ ಒತ್ತಡಕ್ಕೆ ಬಂದಿರುವುದರಿಂದ ಐದು ಡಿಗ್ರಿಯ ಚಿಲ್ಲರ್ ನೀರೇ ಹೆಚ್ಚಿನ ಪಾಲನ್ನು ಹನಿಯಾಗಿಸಿ ಬಾಟಲಿಗೆ ಇಳಿಸುತ್ತದೆ. ಉಳಿದದ್ದು ಪೈಪಿನ ಮೂಲಕ ಕಟ್ಟಡದ ಹೊರಗೆ, ಸೂರಿಗಿಂತ ಎತ್ತರಕ್ಕೆ ಹೋಗಲಿ. ಮೋಟಾರು ಮತ್ತು ಸ್ವಿಚ್ಚು ಜ್ವಾಲಾನಿರೋಧಕ ಮಾದರಿಯವಾಗಿರಲಿ. ಹೆಕ್ಸೇನಿಗೆ ಗ್ಯಾಸ್ ಗುಂಪು ಐಐಎ, ತಾಪ ವರ್ಗ ಟಿ3 ಎಂದು ಫಲಕದಲ್ಲಿ ಬರೆದಿರಬೇಕು. ಅಷ್ಟು ದುಡ್ಡು ಈಗಲೇ ಹೊಂದದಿದ್ದರೆ ನೀರಿನ ಜೆಟ್ ಪಂಪಿನಿಂದ ಕೆಲಸ ಆರಂಭಿಸಬಹುದು. ಅದು ನೀರಿನ ಉಷ್ಣತೆಗೆ ತಕ್ಕಂತೆ 25ರಿಂದ 40 ಮಿಲಿಬಾರಿನಲ್ಲಿ ನಿಲ್ಲುತ್ತದೆ, ಆದರೆ ಹೆಕ್ಸೇನ್ ನೀರಿನ ತೊಟ್ಟಿಗೆ ಸೇರುತ್ತದೆ. ತೊಟ್ಟಿ ಮುಚ್ಚಿರಬೇಕು, ಅದರ ಆವಿಗೂ ಹೊರದಾರಿ ಇರಬೇಕು, ಆ ನೀರನ್ನು ಮೋರಿಗೆ ಬಿಡಕೂಡದು.

ಚೇಂಬರಿನ ಬದಲಿಗೆ ಏನು? ಸ್ಟೀಲಿನ ಗಟ್ಟಿ ಒಡಲು, ತಟ್ಟೆಗಳ ಒಳಗೆ ಬಿಸಿನೀರು ಹರಿಯುವ ಜಾಕೆಟ್, ಎದುರಿಗೆ ಟಫನ್ಡ್ ಗಾಜಿನ ಸಣ್ಣ ಕಿಂಡಿ ಮತ್ತು ಆ ಗಾಜಿಗೆ ಪಾಲಿಕಾರ್ಬೊನೇಟ್ ರಕ್ಷಣೆ ಇರುವ ವ್ಯಾಕ್ಯೂಮ್ ಓವನ್ನನ್ನು ನಾನು ಹೇಳುತ್ತೇನೆ. ಮಾರುಕಟ್ಟೆಯ ಸಾಮಾನ್ಯ ಓವನ್ನುಗಳಲ್ಲಿ ಗೋಡೆಯ ಹಿಂದೆ ವಿದ್ಯುತ್ ಕಾಯಿಲ್ ಇರುತ್ತದೆ. ಅದು ತೇವವಾದ ಮಾತ್ರೆಯ ಪುಡಿಯನ್ನು ಒಣಗಿಸಲು ಸರಿ, ಹೆಕ್ಸೇನಿನ ಹತ್ತಿರ ನನಗೆ ಸರಿಬಾರದು. ಹೆಕ್ಸೇನ್ 225 ಡಿಗ್ರಿಯ ಮೇಲ್ಮೈಯನ್ನು ಮುಟ್ಟಿದರೆ ಕಿಡಿಯಿಲ್ಲದೆಯೂ ಹೊತ್ತಿಕೊಳ್ಳುತ್ತದೆ. ನೀರು ಕಾಯಿಸುವ ಹೀಟರನ್ನು ಪಕ್ಕದ ಕೋಣೆಯಲ್ಲಿಟ್ಟು 50 ಡಿಗ್ರಿಯ ನೀರನ್ನು ತಟ್ಟೆಗಳಲ್ಲಿ ಸುತ್ತಿಸಿದರೆ ಈ ಚಿಂತೆಯೇ ಇಲ್ಲ. ಇದಕ್ಕೆ ಇನ್ನೊಂದು ಕಾರಣವೂ ಇದೆ. ನಿರ್ವಾತದಲ್ಲಿ ಬಿಸಿಗಾಳಿ ಎಂಬುದಿರುವುದಿಲ್ಲ. ಗೋಡೆ 60 ಡಿಗ್ರಿ ಎಂದು ಪರದೆ ತೋರಿಸುತ್ತಿದ್ದರೂ ನಡುವಿನ ತಟ್ಟೆಯ ಸಾರ, ಹೆಕ್ಸೇನ್ ಆರುತ್ತ ಶಾಖ ಕಳೆದುಕೊಂಡು, 30 ಡಿಗ್ರಿಯಲ್ಲೇ ಇರಬಹುದು. ತಳದಿಂದ ಮುಟ್ಟಿ ಬರುವ ಶಾಖವೊಂದೇ ಅಲ್ಲಿ ಕೆಲಸಕ್ಕೆ ಬರುವುದು. ತಾಪಮಾಪಕದ ತುದಿ ಸಾರದೊಳಗೇ ಮುಳುಗಿರಲಿ.

ಉಷ್ಣತೆ ಮತ್ತು ಸಮಯಕ್ಕೆ ಮಲ್ಲಿಗೆಗೂ ಮೆಣಸಿನಕಾಯಿಗೂ ಒಂದೇ ಉತ್ತರ ಕೊಡಲಾಗದು. ಇಲ್ಲಿಯೇ ಹೆಚ್ಚಿನವರು ಎಡವುವುದು: ಹೆಚ್ಚು ಆಳದ ನಿರ್ವಾತ ಎಂದರೆ ಹೆಚ್ಚು ಶುದ್ಧ ಸಾರ ಎಂದು ನಂಬಿ ಪಂಪಿನ ಮೇಲೆ ಪಂಪು ಕೊಳ್ಳುತ್ತಾರೆ. ಮಲ್ಲಿಗೆಯ ಸುವಾಸನೆಯ ದೊಡ್ಡ ಪಾಲಾದ ಬೆಂಜೈಲ್ ಅಸಿಟೇಟಿನ ಆವಿಯೊತ್ತಡ 45 ಡಿಗ್ರಿಯಲ್ಲಿ ಸುಮಾರು 1.3 ಮಿಲಿಬಾರ್, ಹೆಕ್ಸೇನಿನದು 450. ಆರಂಭದಲ್ಲಿ ಹೆಕ್ಸೇನ್ ತಾನಾಗಿ ಮುಂದೆ ಓಡುತ್ತದೆ. ಆದರೆ ಅದು ಕೆಲವು ಹತ್ತು ಪಿಪಿಎಂಗೆ ಇಳಿದಾಗ, ಅಂದರೆ ದಶಲಕ್ಷ ಪಾಲಿನಲ್ಲಿ ಕೆಲವು ಹತ್ತು ಪಾಲು ಉಳಿದಾಗ, ಸಾರದ ಮೇಲೆ ನಿಲ್ಲುವ ಆವಿಯಲ್ಲಿ ಹೆಕ್ಸೇನಿಗಿಂತ ಪರಿಮಳವೇ ಜಾಸ್ತಿಯಾಗುತ್ತದೆ. ಆ ಹಂತದಲ್ಲಿ ನೀವು ಪಂಪು ಓಡಿಸಿದಷ್ಟೂ ಹೊತ್ತು ಮಲ್ಲಿಗೆಯನ್ನೇ ಹೊರಗೆ ಕಳಿಸುತ್ತಿರುತ್ತೀರಿ. ಸಾಬೂನಿನ ಕೆಲಸದ ಒಂದು ಘಟಕದಲ್ಲಿ ಪಂಪಿನ ಎಣ್ಣೆಯೇ ಅಲ್ಲಿಯ ಸಾರಕ್ಕಿಂತ ಘಮಘಮಿಸುತ್ತಿದ್ದುದನ್ನು ನಾನು ಕಂಡಿದ್ದೇನೆ, ಮಾಲೀಕರು ಅದನ್ನು ಪಂಪಿನ ಗುಣವೆಂದು ತಿಳಿದಿದ್ದರು.

ಹಾಗಾಗಿ ಮಲ್ಲಿಗೆಯ ಕಾಂಕ್ರೀಟಿಗೆ 20ರಿಂದ 30 ಮಿಲಿಬಾರ್ ಸಾಕು. ಕಾಂಕ್ರೀಟಿನಲ್ಲಿ ಮೇಣ ತುಂಬಿರುವುದರಿಂದ ಅದು ಗಟ್ಟಿಯಾಗಿದ್ದರೆ ಹೆಕ್ಸೇನ್ ಒಳಗೇ ಸಿಕ್ಕಿಕೊಳ್ಳುತ್ತದೆ. ಸುಮಾರು 50 ಡಿಗ್ರಿಗೆ ತಂದು, ಕರಗಿ ಹರಡಿಕೊಂಡ ಮೇಲೆ ಕೆಲಸ ಆರಂಭಿಸಿ. ತಟ್ಟೆಯಲ್ಲಿ 2 ಮಿ.ಮೀ.ಗಿಂತ ದಪ್ಪ ಬೇಡ. ಹೆಕ್ಸೇನ್ ಸಾರದ ತಳದಿಂದ ಮೇಲಕ್ಕೆ ನುಸುಳಿ ಬರಬೇಕಾದ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ: 2 ಮಿ.ಮೀ. ಪದರಕ್ಕೆ ಒಂದು ಗಂಟೆ ಬೇಕಾದರೆ 6 ಮಿ.ಮೀ.ಗೆ ಒಂಬತ್ತು ಗಂಟೆ. ಒಂದು ಆಳದ ಪಾತ್ರೆಗಿಂತ ನಾಲ್ಕು ಅಗಲದ ತಟ್ಟೆಗಳು ಯಾವ ದುಬಾರಿ ಪಂಪಿಗೂ ಮೇಲು.

ನಿರ್ವಾತವನ್ನು ಒಮ್ಮೆಗೇ ಎಳೆಯಬೇಡಿ. 50 ಡಿಗ್ರಿಯಲ್ಲಿ ಶುದ್ಧ ಹೆಕ್ಸೇನ್ 540 ಮಿಲಿಬಾರಿನಲ್ಲೇ ಕುದಿಯುತ್ತದೆ, ಹಾಗಾಗಿ ಹಸಿಯಿರುವ ಸಾರ ಒಲೆಯ ಮೇಲಿನ ಹಾಲಿನಂತೆ ಉಕ್ಕಿ ತಟ್ಟೆಯಿಂದ ತಟ್ಟೆಗೆ ಇಳಿಯುತ್ತದೆ. ವಾಲ್ವನ್ನು ಕೊಂಚ ತೆರೆದು, ಕಿಂಡಿಯಲ್ಲಿ ನೋಡುತ್ತಿರಿ: ಮೊದಲು ದೊಡ್ಡ ಗುಳ್ಳೆಗಳೆದ್ದು ಒಡೆಯುತ್ತವೆ, ಆಮೇಲೆ ಮೇಲ್ಮೈಯೆಲ್ಲ ಸಣ್ಣ ನೊರೆಯಾಗುತ್ತದೆ, ನೊರೆ ತಾನಾಗಿ ಕುಸಿದು ಕನ್ನಡಿಯಂತೆ ನಯವಾದ ಮೇಲೆ ಮುಂದಿನ ಮೆಟ್ಟಿಲಿಗೆ ಇಳಿಸಿ. ಗುಳ್ಳೆ ನಿಂತಿತೆಂದರೆ ಹೆಕ್ಸೇನ್ ಮುಗಿಯಿತೆಂದಲ್ಲ. ಶೇಕಡಾ 5ರಷ್ಟು ಹೆಕ್ಸೇನ್ ಎಂದರೆ 50,000 ಪಿಪಿಎಂ. ಅದನ್ನು 25ಕ್ಕೆ ತರಬೇಕಾದರೆ ಹನ್ನೊಂದು ಸಲ ಅರ್ಧಕ್ಕೆ ಇಳಿಯಬೇಕು, ಗುಳ್ಳೆಗಳು ಮೊದಲ ಮೂರು ನಾಲ್ಕು ಸಲಕ್ಕೇ ನಿಲ್ಲುತ್ತವೆ.

ನೀವು ಕಾಂಕ್ರೀಟನ್ನೇ ಮಾರುತ್ತೀರೋ ಅದರ ಮೇಣ ತೆಗೆದು ಅಬ್ಸಲ್ಯೂಟ್ ಎಂಬ ಸಾರ ಮಾಡುತ್ತೀರೋ ಬರೆದಿಲ್ಲ. ಅಬ್ಸಲ್ಯೂಟ್ ಮಾಡುವುದಾದರೆ ಕಾಂಕ್ರೀಟಿನ ಕೊನೆಯ ಹೆಕ್ಸೇನಿಗಾಗಿ ಜಗಳವಾಡಲೇ ಬೇಡಿ. ಮುಂದೆ ಹೇಗೂ ಅದನ್ನು ಆಲ್ಕೊಹಾಲಿನಲ್ಲಿ ಕರಗಿಸಿ, ತಂಪಿನಲ್ಲಿಟ್ಟು, ಮೇಣ ಸೋಸಿ, ಆಲ್ಕೊಹಾಲನ್ನು ಆವಿಯಾಗಿಸಿ ತೆಗೆಯುತ್ತೀರಿ. ಹೆಕ್ಸೇನೂ ಆಲ್ಕೊಹಾಲೂ ಜೊತೆಗೂಡಿ, ಎರಡರ ಕುದಿಬಿಂದುವಿಗಿಂತಲೂ ಕೆಳಗೆ, ಸುಮಾರು 59 ಡಿಗ್ರಿಯಲ್ಲೇ ಕುದಿಯುವ ಮಿಶ್ರಣವಾಗುವುದರಿಂದ ಮೊದಲ ಪಾಲಿನಲ್ಲೇ ಹೆಕ್ಸೇನ್ ಹೊರಟುಹೋಗುತ್ತದೆ.

ಮೆಣಸಿನಕಾಯಿಯ ಓಲಿಯೋರೆಸಿನಿನ ಕಥೆ ಬೇರೆ. ಬ್ಯಾಡಗಿಗೆ ಬೆಲೆ ಬಂದಿರುವುದು ಬಣ್ಣಕ್ಕೆ, ಆ ಬಣ್ಣ ಆವಿಯಾಗುವುದಿಲ್ಲ. ಇಲ್ಲಿ 5 ಮಿಲಿಬಾರಿಗೆ ಇಳಿಯಬಹುದು, 60 ಡಿಗ್ರಿಗೆ ಏರಬಹುದು. ಇದರ ಶತ್ರು ಬಿಸಿಯಲ್ಲಿರುವಾಗ ತಾಗುವ ಗಾಳಿ. ಒತ್ತಡವನ್ನು 5ರಲ್ಲೇ ಹಿಡಿದಿಡದೆ ಅರ್ಧ ಗಂಟೆಗೊಮ್ಮೆ ಸ್ವಲ್ಪ ಸಾರಜನಕ ಬಿಟ್ಟು 100ಕ್ಕೆ ಏರಿಸಿ ಮತ್ತೆ ಇಳಿಸಿದರೆ, ಸಾರದ ಮೇಲೆ ನಿಂತ ಆವಿ ತೊಳೆದುಹೋಗಿ ಕೆಲಸ ಬೇಗ ಮುಗಿಯುತ್ತದೆ. ಅಮೆರಿಕಕ್ಕೆ ಹೋಗುವ ಮಸಾಲೆ ಓಲಿಯೋರೆಸಿನಿನಲ್ಲಿ ಹೆಕ್ಸೇನ್ 25 ಪಿಪಿಎಂ ಮೀರುವಂತಿಲ್ಲ, ಅಸಿಟೋನ್ 30. ಔಷಧಿಗೆ ಬಳಸುವ ಪದಾರ್ಥಗಳ ಅಂತಾರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಹೆಕ್ಸೇನಿಗೆ 290 ಇದೆ. ಎರಡನ್ನೂ ಬೆರೆಸಿ ಹೇಳುವ ದಲ್ಲಾಳಿಗಳಿದ್ದಾರೆ, ಖರೀದಿದಾರರಿಂದ ಮಿತಿಯನ್ನು ಬರವಣಿಗೆಯಲ್ಲೇ ಪಡೆಯಿರಿ.

ಕೆಲಸ ಮುಗಿದು ಬಾಗಿಲು ತೆರೆಯುವ ಗಳಿಗೆಯೂ ಸೂಕ್ಷ್ಮವಾದದ್ದು. ಆವಿ ಉಳಿದಿರುವ ಬಿಸಿ ಪೆಟ್ಟಿಗೆಗೆ ಗಾಳಿ ನುಗ್ಗಿಸಿದರೆ ಸಿಡಿಯುವ ಮಿಶ್ರಣವನ್ನು ನೀವೇ ಕಲಸಿದಂತೆ. ಮೊದಲು ತಣಿಸಿ, ಆಮೇಲೆ ಸಾರಜನಕದಿಂದ ತುಂಬಿ. ಆದರೆ ಈ ಪೆಟ್ಟಿಗೆ ಒಳಮುಖ ಒತ್ತಡಕ್ಕೆ ಕಟ್ಟಿದ್ದೇ ಹೊರತು ಹೊರಮುಖಕ್ಕಲ್ಲ. ಸಿಲಿಂಡರಿನ ರೆಗ್ಯುಲೇಟರ್ ಕೊಂಚ ಹೆಚ್ಚಾದರೂ ಬಾಗಿಲು ಮುಖಕ್ಕೇ ಹಾರುತ್ತದೆ. ಅತ್ಯಲ್ಪ ಒತ್ತಡಕ್ಕೇ ತೆರೆದುಕೊಳ್ಳುವ ರಿಲೀಫ್ ವಾಲ್ವ್ ಕಡ್ಡಾಯ. ಕರೆಂಟ್ ಹೋದಾಗ ಪಂಪು ನಿಂತು ಪೆಟ್ಟಿಗೆ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಎಣ್ಣೆ ಪಂಪಾದರೆ ಇಡೀ ಬ್ಯಾಚಿಗೆ ಎಣ್ಣೆ ಸೇರುತ್ತದೆ. ಕರೆಂಟ್ ಹೋದೊಡನೆ ತಾನಾಗಿ ಮುಚ್ಚುವ ವಾಲ್ವನ್ನು ನಡುವೆ ಹಾಕಿಸಿ.

ಹೊಸ ಪೆಟ್ಟಿಗೆ ಬಂದ ದಿನವೇ ಅದನ್ನು ಖಾಲಿಯಾಗಿ, ಒಣದಾಗಿ 10 ಮಿಲಿಬಾರಿಗೆ ಇಳಿಸಿ, ವಾಲ್ವ್ ಮುಚ್ಚಿ, ಐದು ನಿಮಿಷಕ್ಕೊಮ್ಮೆ ಒಂದು ಗಂಟೆ ಒತ್ತಡವನ್ನು ಬರೆದಿಡಿ. ಅಂಕಿ ಒಂದೇ ವೇಗದಲ್ಲಿ ಏರುತ್ತಲೇ ಹೋದರೆ ಸೋರಿಕೆ. ಮೊದಲು ಏರಿ ಆಮೇಲೆ ನಿಧಾನವಾದರೆ ಒಳಗಿನ ತೇವ ಅಥವಾ ರಬ್ಬರಿನಲ್ಲಿ ಸಿಕ್ಕಿದ ಆವಿ. ಆ ಹಾಳೆಯನ್ನು ಗೋಡೆಗೆ ಅಂಟಿಸಿಡಿ, ಆರು ತಿಂಗಳ ನಂತರ ಹೋಲಿಸಲು ಬೇಕಾಗುತ್ತದೆ.

ನಿಮ್ಮಿಬ್ಬರ ಆರೋಗ್ಯದ ಬಗ್ಗೆಯೂ ಒಂದು ಮಾತು. 1960ರ ದಶಕದಲ್ಲಿ ಜಪಾನಿನಲ್ಲಿ ಹೆಕ್ಸೇನ್ ಇದ್ದ ಅಂಟಿನಿಂದ ಚಪ್ಪಲಿ ತಯಾರಿಸುತ್ತಿದ್ದ ಕೆಲಸಗಾರರಲ್ಲಿ ಕೈಕಾಲಿನ ನರಗಳು ಕುಗ್ಗಿದ ಪ್ರಕರಣಗಳು ಸಾಲಾಗಿ ಬೆಳಕಿಗೆ ಬಂದವು. ದೇಹದೊಳಗೆ ಎನ್-ಹೆಕ್ಸೇನ್ ಬದಲಾಗಿ ಉಂಟಾಗುವ ಹೆಕ್ಸೇನ್‌ಡಯೋನ್ ಎಂಬ ಪದಾರ್ಥವೇ ಅದಕ್ಕೆ ಕಾರಣ. ಪಾದದ ಬೆರಳುಗಳು ಜೋಮು ಹಿಡಿದಂತಾಗುವುದು ಮೊದಲ ಲಕ್ಷಣ. ಇಬ್ಬರಲ್ಲಿ ಯಾರಿಗಾದರೂ ಹಾಗೆ ಅನಿಸಿದ್ದರೆ ವೈದ್ಯರ ಬಳಿ ಹೋಗಿ, ಹೆಕ್ಸೇನಿನಲ್ಲಿ ಕೆಲಸ ಮಾಡುತ್ತೇವೆ ಎಂಬುದನ್ನು ನೀವಾಗಿಯೇ ಹೇಳಿ. ಅವರು ಅದನ್ನು ಊಹಿಸಲಾರರು, ಸಕ್ಕರೆ ಕಾಯಿಲೆಯನ್ನು ಹುಡುಕುತ್ತ ಕೂರುತ್ತಾರೆ.

ಕಾನೂನಿನಲ್ಲಿ ಹೆಕ್ಸೇನ್ ಪೆಟ್ರೋಲಿಯಂ ಎ ವರ್ಗದ್ದು. 1934ರ ಪೆಟ್ರೋಲಿಯಂ ಕಾಯಿದೆಯಂತೆ ಮಾರಾಟಕ್ಕಲ್ಲದ 30 ಲೀಟರಿನವರೆಗೆ ಪರವಾನಗಿ ಬೇಡ, ಅದಕ್ಕಿಂತ ಹೆಚ್ಚು ಇಡಬೇಕಾದರೆ ಬೇಕು. ಆಲ್ಕೊಹಾಲಿಗೆ ಅಬಕಾರಿ ಇಲಾಖೆಯ ಅನುಮತಿ ಬೇರೆ.

ಕೊನೆಗೆ ಪರೀಕ್ಷೆ. ಮೂಗನ್ನು ನಂಬಬೇಡಿ, ಮಲ್ಲಿಗೆಯ ನಡುವೆ ಹೆಕ್ಸೇನ್ ಮೂಗಿಗೆ ಸಿಗುವುದಿಲ್ಲ. ಎನ್‌ಎಬಿಎಲ್ ಮಾನ್ಯತೆಯಿರುವ ಪ್ರಯೋಗಾಲಯದಲ್ಲಿ ಹೆಡ್‌ಸ್ಪೇಸ್ ಗ್ಯಾಸ್ ಕ್ರೊಮ್ಯಾಟೊಗ್ರಫಿ, ಅಂದರೆ ಮಾದರಿಯಿಂದ ಏಳುವ ಆವಿಯಲ್ಲಿ ಹೆಕ್ಸೇನ್ ಎಷ್ಟಿದೆ ಎಂದು ಅಳೆಯುವ ಪರೀಕ್ಷೆ, ಮಾಡಿಸಿ. ಮಾದರಿಯನ್ನು ತಟ್ಟೆಯ ಅಂಚಿನಿಂದಲ್ಲ, ಪದರ ಅತಿ ದಪ್ಪವಿರುವ ಜಾಗದ ತಳದಿಂದ ತೆಗೆಯಿರಿ. ಪ್ಲಾಸ್ಟಿಕ್ ಡಬ್ಬಿಗೆ ಹಾಕದೆ ಗಾಜಿನ ಸೀಸೆಗೆ ಕಂಠದವರೆಗೆ ತುಂಬಿ, ಟೆಫ್ಲಾನ್ ಪದರದ ಮುಚ್ಚಳ ಬಿಗಿದು, ಅದೇ ದಿನ ತಂಪಿನಲ್ಲಿಟ್ಟು ಕಳಿಸಿ. ಮೊದಲ ಬ್ಯಾಚಿನಿಂದ ಮೂರು, ಆರು ಮತ್ತು ಒಂಬತ್ತನೆಯ ಗಂಟೆಯ ಮೂರು ಸೀಸೆ ಕಳಿಸಿದರೆ, ನಿಮ್ಮ ತಟ್ಟೆಗೆ, ನಿಮ್ಮ ಪದರಕ್ಕೆ ಎಷ್ಟು ಹೊತ್ತು ಬೇಕು ಎಂಬ ಉತ್ತರ ನನ್ನಿಂದಲ್ಲ, ಆ ಮೂರು ಅಂಕಿಗಳಿಂದಲೇ ಬರುತ್ತದೆ.